‘ಡಿಡ್’ ಬಂದ ಮೇಲೆ ‘ವಾಕ್ಡ್’ ಏಕೆ ‘ವಾಕ್’ ಆಗುತ್ತದೆ?

ಪ್ರಶ್ನೆ: ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಇಂಗ್ಲಿಷಿನ ಹನ್ನೆರಡು ಕಾಲಗಳ ಪಟ್ಟಿಯನ್ನು ತಡವರಿಸದೆ ಒಪ್ಪಿಸುತ್ತಾಳೆ. ಆದರೆ ಸ್ವಂತ ವಾಕ್ಯ ಬರೆಯುವಾಗ ‘ಶಿ ವಾಕ್ ಟು ಸ್ಕೂಲ್’, ‘ಐ ಡಿಡ್ ನಾಟ್ ವಾಕ್ಡ್’ ಎಂದೇ ಬರೆಯುತ್ತಾಳೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ತಪ್ಪು ಎಂಬುದು ತಿಳಿಯುತ್ತದೆ, ಕಾರಣ ಹೇಳಲು ಬರುವುದಿಲ್ಲ. (ಓದುಗರೊಬ್ಬರು, ಹಾವೇರಿ)

ಉತ್ತರ: ತಮ್ಮ ಮಗಳ ಗೊಂದಲ ಆ ಪಟ್ಟಿಯಿಂದಲೇ ಹುಟ್ಟಿರಬಹುದು. ಹನ್ನೆರಡು ಕಾಲಗಳೆಂದೊಡನೆ ಕ್ರಿಯಾಪದವೂ ಹನ್ನೆರಡು ಬಾರಿ ರೂಪ ಬದಲಿಸುತ್ತದೆ ಎಂದು ಮಕ್ಕಳು ಭಾವಿಸುತ್ತಾರೆ. ವಾಸ್ತವದಲ್ಲಿ ‘ವಾಕ್’ನಂತಹ ನಿಯಮಿತ ಕ್ರಿಯಾಪದಕ್ಕೆ ಇರುವುದು ವಾಕ್, ವಾಕ್ಸ್, ವಾಕ್ಡ್, ವಾಕಿಂಗ್ ಎಂಬ ನಾಲ್ಕೇ ರೂಪಗಳು. ‘ಐ ವಿಲ್ ಹ್ಯಾವ್ ಬೀನ್ ವಾಕಿಂಗ್’ ಎಂಬ ಉದ್ದನೆಯ ವಾಕ್ಯದಲ್ಲಿಯೂ ಮೂಲ ಕ್ರಿಯಾಪದದ ಪಾಲು ‘ವಾಕಿಂಗ್’ ಮಾತ್ರ. ಉಳಿದದ್ದೆಲ್ಲ ಸಹಾಯಕ ಕ್ರಿಯಾಪದಗಳ ಕೆಲಸ. ನಮ್ಮ ‘ನಡೆ’ ಧಾತುವಾದರೋ ಭೂತಕಾಲವೊಂದರಲ್ಲಿಯೇ ನಡೆದೆನು, ನಡೆದೆವು, ನಡೆದೆ, ನಡೆದಿರಿ, ನಡೆದನು, ನಡೆದಳು, ನಡೆದರು, ನಡೆಯಿತು, ನಡೆದವು ಎಂದು ಒಂಬತ್ತು ರೂಪಗಳನ್ನು ತಾಳುತ್ತದೆ. ಇಷ್ಟನ್ನು ಲೀಲಾಜಾಲವಾಗಿ ಬಳಸುವ ಮಗುವಿಗೆ ನಾಲ್ಕು ರೂಪಗಳು ಹೊರೆಯಾಗಬಾರದು.

‘ಶಿ ವಾಕ್’ ಎಂಬ ತಪ್ಪಿನ ಕಾರಣ ಸರಳವಾದುದು. ಇಂಗ್ಲಿಷ್ ಕ್ರಿಯಾಪದ ವರ್ತಮಾನಕಾಲದಲ್ಲಿ ನಾನು, ನೀನು, ನಾವು, ಅವರು ಎಲ್ಲರಿಗೂ ಒಂದೇ ಆಗಿದ್ದು, ಅವನು, ಅವಳು, ಅದು ಎಂಬ ಏಕವಚನದಲ್ಲಿ ಮಾತ್ರ ‘ಸ್’ ಹಚ್ಚಿಕೊಳ್ಳುತ್ತದೆ. ಇಲ್ಲಿ ಇನ್ನೊಂದು ತೊಡಕೂ ಇದೆ. ಇಂಗ್ಲಿಷ್ ವ್ಯಾಕರಣದ ‘ಥರ್ಡ್ ಪರ್ಸನ್’ ಎಂದರೆ ನಮ್ಮ ಪ್ರಥಮ ಪುರುಷ. ಅವರ ‘ಫಸ್ಟ್ ಪರ್ಸನ್’ ನಮ್ಮ ಉತ್ತಮ ಪುರುಷ. ಕನ್ನಡದ ಅವಧಿಯಲ್ಲಿ ‘ಅವನು’ ಪ್ರಥಮ ಎಂದು ಕಲಿತು, ಮುಂದಿನ ಗಂಟೆ ಹೊಡೆದ ಮೇಲೆ ಅದೇ ‘ಅವನು’ ಮೂರನೆಯವನು ಎಂದು ಕೇಳುವ ಮಗು ತಬ್ಬಿಬ್ಬಾದರೆ ಅದರ ತಪ್ಪೇನೂ ಇಲ್ಲ. ಆದುದರಿಂದ ಪುರುಷಗಳ ಹೆಸರನ್ನೇ ಬಿಟ್ಟು, ‘ಹಿ, ಶಿ, ಇಟ್ ಬಂದರೆ ಸ್’ ಎಂದಷ್ಟೇ ಹೇಳಿಕೊಡಿ.

ಎರಡನೆಯ ತಪ್ಪಿಗೆ ಪರಿಹಾರ ಕನ್ನಡದಲ್ಲಿಯೇ ಇದೆ. ‘ನಡೆದಳು’ ಎಂಬುದರ ನಿಷೇಧರೂಪ ಏನೆಂದು ಮಗಳನ್ನು ಕೇಳಿ ನೋಡಿ. ‘ನಡೆಯಲಿಲ್ಲ’ ಎನ್ನುತ್ತಾಳೆಯೇ ಹೊರತು ‘ನಡೆದಲಿಲ್ಲ’ ಎನ್ನುವುದಿಲ್ಲ. ಭೂತಕಾಲವನ್ನು ಸೂಚಿಸುವ ‘ದ’ಕಾರವೂ ಸ್ತ್ರೀಲಿಂಗದ ‘ಳು’ ಪ್ರತ್ಯಯವೂ ಅಲ್ಲಿ ಕಳಚಿ ಬಿದ್ದಿವೆ. ನಾನು, ನೀನು, ಅವಳು, ಅವರು ಯಾರೇ ಆದರೂ ‘ನಡೆಯಲಿಲ್ಲ’ ಒಂದೇ. ‘ಡಿಡ್ ನಾಟ್ ವಾಕ್’ ಎಂಬಲ್ಲಿ ಆಗಿರುವುದೂ ಇಂಥದ್ದೇ. ಕಾಲದ ಗುರುತನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ವಾಕ್’ ಅದನ್ನು ಮತ್ತೆ ಹೊರುವುದಿಲ್ಲ. ‘ಡಸ್ ನಾಟ್ ವಾಕ್’ ಎಂಬಲ್ಲಿ ‘ಸ್’ ಹೋಗಿ ಸೇರಿರುವುದು ‘ಡಸ್’ ಒಳಗೆ. ಇನ್ನೂ ಸ್ವಾರಸ್ಯವೆಂದರೆ, ‘ನಡೆದಿಲ್ಲ’ ಎನ್ನುವಾಗ ನಾವು ‘ನಡೆದು’ ಎಂಬುದನ್ನು ಉಳಿಸಿಕೊಳ್ಳುತ್ತೇವೆ, ಇಂಗ್ಲಿಷಿನವರೂ ‘ಹ್ಯಾಸ್ ನಾಟ್ ವಾಕ್ಡ್’ ಎಂದು ಆ ರೂಪವನ್ನು ಉಳಿಸಿಕೊಳ್ಳುತ್ತಾರೆ. ನಡೆಯುವುದಿಲ್ಲ, ನಡೆಯುತ್ತಿಲ್ಲ, ನಡೆಯಲಿಲ್ಲ, ನಡೆದಿಲ್ಲ ಎಂಬ ನಾಲ್ಕನ್ನು ಒಂದರ ಕೆಳಗೊಂದು ಬರೆಸಿ, ಎದುರಿಗೆ ಡಸ್ ನಾಟ್ ವಾಕ್, ಈಸ್ ನಾಟ್ ವಾಕಿಂಗ್, ಡಿಡ್ ನಾಟ್ ವಾಕ್, ಹ್ಯಾಸ್ ನಾಟ್ ವಾಕ್ಡ್ ಎಂದು ಬರೆಸಿದರೆ, ಹನ್ನೆರಡು ಕಾಲಗಳ ಪಟ್ಟಿ ಮಾಡಲಾರದ ಕೆಲಸವನ್ನು ಈ ನಾಲ್ಕು ಸಾಲುಗಳು ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ.

ಆದರೆ ಈ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ‘ನಿನ್ನೆಯೇ ಮುಗಿಸಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ಅದನ್ನೇ ‘ಐ ಹ್ಯಾವ್ ಫಿನಿಶ್ಡ್ ಇಟ್ ಯೆಸ್ಟರ್ಡೇ’ ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ, ಕಳೆದ ವಾರ ಮುಂತಾಗಿ ಮುಗಿದುಹೋದ ಸಮಯವನ್ನು ಹೇಳಿದಾಗ ‘ಹ್ಯಾವ್’ ಬಿಟ್ಟು ‘ಐ ಫಿನಿಶ್ಡ್’ ಎಂದೇ ಹೇಳಬೇಕು.

ಪ್ರಶ್ನೆ: ‘ವಾಕೆಡ್’, ‘ವಾಕ್ಡ್’, ‘ವಾಕ್ಟ್’ ಈ ಮೂರರಲ್ಲಿ ಸರಿಯಾದ ಉಚ್ಚಾರಣೆ ಯಾವುದು? (ಪದವಿ ವಿದ್ಯಾರ್ಥಿ, ತುಮಕೂರು)

ಉತ್ತರ: ‘ವಾಕ್ಟ್’ ಎಂಬುದೇ ಸರಿ. ಮೇಲಿನ ಉತ್ತರದಲ್ಲಿ ಕಾಗುಣಿತದ ಅನುಕೂಲಕ್ಕಾಗಿ ಡಕಾರ ಬಳಸಿದ್ದೇನೆ. ಕ್, ಪ್, ಚ್, ಫ್, ಸ್, ಶ್ ಮುಂತಾದ ಅಘೋಷ ಧ್ವನಿಗಳಿಂದ ಮುಗಿಯುವ ಪದಗಳ ಮುಂದೆ ಆ ಪ್ರತ್ಯಯ ‘ಟ್’ ಆಗುತ್ತದೆ: ಆಸ್ಕ್ಟ್, ವಾಶ್ಟ್. ಸ್ವರ ಅಥವಾ ಘೋಷ ಧ್ವನಿಯ ಮುಂದೆ ‘ಡ್’ ಆಗಿ ಉಳಿಯುತ್ತದೆ: ಪ್ಲೇಡ್, ಕಾಲ್ಡ್. ಪದವೇ ಟ್ ಅಥವಾ ಡ್‌ನಿಂದ ಮುಗಿದರೆ ಮಾತ್ರ ನಡುವೆ ಒಂದು ‘ಇ’ಕಾರ ಬಂದು ವಾಂಟಿಡ್, ನೀಡಿಡ್ ಎಂದಾಗುತ್ತದೆ. ಗಂಟಲಿನ ಮೇಲೆ ಬೆರಳಿಟ್ಟು ‘ಸ್ಸ್ಸ್’, ‘ಮ್ಮ್ಮ್’ ಎಂದರೆ ಅಘೋಷ, ಘೋಷಗಳ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ, ಮೊದಲನೆಯದರಲ್ಲಿ ಕಂಪನವಿಲ್ಲ. ಶಾಲೆಯಲ್ಲಿ ಕಲಿತ ಜಶ್ತ್ವ ಸಂಧಿಯನ್ನೂ ನೆನಪಿಸಿಕೊಳ್ಳಿ: ಸಂಸ್ಕೃತದ ವಾಕ್ ಮತ್ತು ದೇವಿ ಸೇರಿ ವಾಗ್ದೇವಿ ಆಗುವಾಗ ಮುಂದಿನ ದಕಾರವು ಹಿಂದಿನ ಕಕಾರವನ್ನು ಗಕಾರವಾಗಿಸುತ್ತದೆ. ಇಂಗ್ಲಿಷಿನ ‘ವಾಕ್’ ಅದಕ್ಕೆ ತದ್ವಿರುದ್ಧ. ಅಲ್ಲಿ ಹಿಂದಿನ ಕಕಾರವೇ ಮುಂದಿನ ಡಕಾರವನ್ನು ಬದಲಿಸುತ್ತದೆ.

ಪ್ರಶ್ನೆ: ‘ಸ್ಟಾಪ್ಡ್’ ಬರೆಯುವಾಗ ಎರಡು ಪಿ ಬೇಕು, ‘ವಿಸಿಟೆಡ್’ ಬರೆಯುವಾಗ ಒಂದೇ ಟಿ ಸಾಕು. ಹೀಗೇಕೆ? (ಓದುಗರೊಬ್ಬರು, ಶಿರಸಿ)

ಉತ್ತರ: ಹ್ರಸ್ವ ಸ್ವರದ ನಂತರ ಒಂದೇ ವ್ಯಂಜನವಿದ್ದು, ಉಚ್ಚಾರದ ಒತ್ತು ಕೊನೆಯ ಭಾಗದ ಮೇಲೆ ಬಿದ್ದರೆ ಆ ವ್ಯಂಜನವನ್ನು ಇಮ್ಮಡಿಸಬೇಕು. ‘ಅಡ್ಮಿಟ್’ನಲ್ಲಿ ಒತ್ತು ಕೊನೆಗೆ, ಆದ್ದರಿಂದ ಎರಡು ಟಿ, ‘ವಿಸಿಟ್’ನಲ್ಲಿ ಒತ್ತು ಮೊದಲಿಗೆ, ಆದ್ದರಿಂದ ಒಂದೇ. ‘ಟ್ರ್ಯಾವೆಲ್ಡ್’ ಪದಕ್ಕೆ ಬ್ರಿಟಿಷರು ಈ ನಿಯಮವನ್ನು ಮೀರಿ ಎರಡು ಎಲ್ ಬರೆಯುತ್ತಾರೆ, ಅಮೆರಿಕದವರು ಒಂದೇ ಬರೆಯುತ್ತಾರೆ. ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬ್ರಿಟಿಷ್ ಪದ್ಧತಿಯನ್ನು ಅನುಸರಿಸುವುದರಿಂದ ಪರೀಕ್ಷೆಯಲ್ಲಿ ಎರಡು ಎಲ್ ಬರೆಯುವುದು ಕ್ಷೇಮ.