ನೂರರವರೆಗೆ ಹೇಳುವ ಮಗಳಿಗೆ 8ಕ್ಕೆ 5 ಕೂಡಿಸಲು ಯಾಕೆ ಬರುತ್ತಿಲ್ಲ?

ಎರಡನೇ ಕ್ಲಾಸಿನ ಮಗಳು ನೂರರವರೆಗೆ ಗಡಗಡ ಹೇಳುತ್ತಾಳೆ, 8ಕ್ಕೆ 5 ಕೂಡಿಸು ಅಂದರೆ ಮಾತ್ರ ಮತ್ತೆ ಒಂದರಿಂದ ಬೆರಳು ಮಡಚುತ್ತಾಳೆ, ದಿನಾ ಮಗ್ಗಿ ಬರೆಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನು 14 ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಮಗ್ಗಿ ಸದ್ಯಕ್ಕೆ ನಿಲ್ಲಿಸಿಬಿಡಿ.

ಮೊದಲು ಒಂದು ಕೆಲಸ ಮಾಡಿ. ಏಳು ಹುಣಸೆ ಬೀಜ ನೆಲದ ಮೇಲೆ ಹರಡಿ "ಎಷ್ಟಿದೆ ಪುಟ್ಟಿ?" ಅಂತ ಕೇಳಿ. ಎಣಿಸಿ ಏಳು ಅನ್ನುತ್ತಾಳೆ. ಆಮೇಲೆ ಅವಳ ಕಣ್ಣೆದುರೇ ಬೀಜಗಳನ್ನು ಸ್ವಲ್ಪ ದೂರ ದೂರ ಸರಿಸಿ ಮತ್ತೆ ಕೇಳಿ. ತಕ್ಷಣ ಏಳು ಅಂದರೆ ಸರಿ. ಮತ್ತೆ ಒಂದರಿಂದ ಶುರು ಮಾಡಿದರೆ, ಅವಳಿಗೆ ಒಂದು ಎರಡು ಮೂರು ಅನ್ನುವುದು ಇನ್ನೂ ಬಾಯಿಪಾಠದ ಪದ್ಯ ಇದ್ದ ಹಾಗೆ, ಏಳು ಅಂದರೆ ಇಷ್ಟು ಅನ್ನುವುದು ಕೂತಿಲ್ಲ ಅಂತ ತಿಳಿಯಿರಿ. ಹಾಗಿದ್ದಾಗ ಎಷ್ಟು ಬರೆಸಿದರೂ ಪ್ರಯೋಜನ ಇಲ್ಲ. ಮೊದಮೊದಲು ನಾನೂ ಒಬ್ಬ ಹುಡುಗನಿಗೆ ತಿಂಗಳುಗಟ್ಟಲೆ ಒಂದರಿಂದ ನೂರು ಬರೆಸಿದೆ. ಅಕ್ಷರ ದುಂಡಗಾಯಿತು, ಆದರೆ ಇಪ್ಪತ್ತಮೂರು ಬರಿ ಅಂದರೆ 203 ಅಂತಲೇ ಬರೆಯುತ್ತಿದ್ದ. ಆ ಮಗುವಿನ ಅಷ್ಟು ದಿನ ಹಾಳು ಮಾಡಿದೆನಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಆದ್ದರಿಂದ ಸಣ್ಣ ಸಂಖ್ಯೆಗೆ ವಾಪಸ್ ಹೋಗಿ. ಐದಕ್ಕೇ ಹೋಗಿ, ನಾಚಿಕೆ ಏನೂ ಇಲ್ಲ. ಐದು ಬೀಜ ಇಬ್ಬರೂ ಸೇರಿ ಎಣಿಸಿ, ಅವಳು ಕಣ್ಣು ಮುಚ್ಚಿದಾಗ ಎರಡನ್ನು ಬಟ್ಟಲ ಕೆಳಗೆ ಬಚ್ಚಿಡಿ, ಹೊರಗೆ ಮೂರು ಇದೆ, ಒಳಗೆ ಎಷ್ಟಿದೆ ಹೇಳು ಅನ್ನಿ. ತಪ್ಪಾದರೆ ಬೈಯಬೇಡಿ, ಬಟ್ಟಲು ಎತ್ತಿ ಅವಳೇ ನೋಡಲಿ. ನಂತರ ಅವಳು ಬಚ್ಚಿಡಲಿ, ನೀವು ಹೇಳಿ. ಒಮ್ಮೊಮ್ಮೆ ಬೇಕಂತಲೇ ತಪ್ಪು ಹೇಳಿ, ನಿಮ್ಮನ್ನು ತಿದ್ದುವಾಗ ಅವಳು ಜಾಸ್ತಿ ಕಲಿಯುತ್ತಾಳೆ. ದಿನಕ್ಕೆ ಹತ್ತು ನಿಮಿಷ ಸಾಕು. ಐದು ಸಲೀಸಾದ ಮೇಲೆ ಆರು, ಏಳು, ಹಾಗೇ ಹತ್ತರವರೆಗೆ. ಹತ್ತರೊಳಗಿನ ಜೋಡಿಗಳು, ಎಂಟು-ಎರಡು, ಏಳು-ಮೂರು, ಇವು ಗಟ್ಟಿಯಾಗುವ ತನಕ ಮುಂದೆ ಹೋಗಲೇಬೇಡಿ. ಬೆರಳು ಬಳಸಿದರೆ ಬಳಸಲಿ ಬಿಡಿ, ಬೇಡ ಅಂದರೆ ಮೇಜಿನ ಕೆಳಗೆ ಎಣಿಸುತ್ತಾಳೆ, ಅಷ್ಟೇ.

ಮನೆಯಲ್ಲಿ ಕವಡೆ ಇದ್ದರೆ ಚೌಕಾಬಾರ ಆಡಿ. ನಾಲ್ಕು ಕವಡೆ ಎಸೆದಾಗ ಮೂರು ಮೇಲೆ, ಒಂದು ಬೋರಲು ಬಿತ್ತು ಅಂದುಕೊಳ್ಳಿ, ನಾಲ್ಕು ಅಂದರೆ ಮೂರು ಮತ್ತು ಒಂದು ಅಂತ ಅಲ್ಲೇ ಕಾಣುತ್ತದೆ ಅಲ್ವಾ! ಎಣಿಸದೆ ಒಂದೇ ನೋಟಕ್ಕೆ ಹೇಳುವುದೂ ರೂಢಿಯಾಗುತ್ತದೆ. ಹಾವು ಏಣಿ ಆಡುವಾಗ ಒಂದು ವಿಷಯ ಗಮನಿಸಿ. ಕಾಯಿ 18ರಲ್ಲಿದ್ದು 4 ಬಿದ್ದರೆ "ಒಂದು, ಎರಡು, ಮೂರು, ನಾಲ್ಕು" ಅಂತ ನಡೆಸಬಾರದು, "ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು" ಅಂತ ನಡೆಸಬೇಕು. ಇದ್ದಲ್ಲಿಂದ ಮುಂದಕ್ಕೆ ಎಣಿಸುವುದು ಹೀಗೇ ಬರುತ್ತದೆ.

ಈಗ ನಿಮ್ಮ 8 ಮತ್ತು 5. ಅಂಗಡಿಯಲ್ಲಿ ಮೂವತ್ತು ಮೊಟ್ಟೆಯ ರಟ್ಟಿನ ಟ್ರೇ ಸಿಗುತ್ತದಲ್ಲ, ಅದರಲ್ಲಿ ಐದೈದು ಗುಳಿಯ ಎರಡು ಸಾಲು ಕತ್ತರಿಸಿಕೊಳ್ಳಿ. ಎಂಟು ಗುಳಿಯಲ್ಲಿ ಬೀಜ ಹಾಕಿಸಿ, ಇನ್ನೈದು ಕೈಗೆ ಕೊಡಿ. ಎರಡು ಹಾಕಿದರೆ ಹತ್ತು ತುಂಬಿತು, ಕೈಯಲ್ಲಿ ಮೂರು ಉಳಿಯಿತು. ಹತ್ತು, ಮೇಲೆ ಮೂರು, ಹದಿಮೂರು. ನಮ್ಮ ಕನ್ನಡದಲ್ಲಿ ಹೆಸರಲ್ಲೇ ಉತ್ತರ ಇದೆ ನೋಡಿ, ಹದಿ ಅಂದರೆ ಹತ್ತೇ. ಇಪ್ಪತ್ತು ಅಂದರೆ ಎರಡು ಹತ್ತು, ಮೂವತ್ತು ಅಂದರೆ ಮೂರು ಹತ್ತು. ಇಂಗ್ಲಿಷ್ ಮೀಡಿಯಂ ಮಕ್ಕಳು ಥರ್ಟೀನ್, ಥರ್ಟಿ ಮಧ್ಯೆ ಒದ್ದಾಡುವುದನ್ನು ನೋಡಿದ್ದೇನೆ. ನಿಮ್ಮ ಮಗಳು ಯಾವ ಮೀಡಿಯಂನಲ್ಲಿ ಓದುತ್ತಿದ್ದರೂ ಮನೆಯಲ್ಲಿ ಕನ್ನಡದಲ್ಲೇ ಎಣಿಸಿ. ಪೊರಕೆ ಕಡ್ಡಿ ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಎರಡು ಕಟ್ಟು, ಮೂರು ಬಿಡಿ, 23. ಆ ಹುಡುಗನ 203 ಕೊನೆಗೆ ಹೋಗಿದ್ದು ಈ ಕಟ್ಟುಗಳಿಂದಲೇ.

ಆರೇಳು ತಿಂಗಳು ಹೀಗೆ ಮಾಡಿಯೂ, ಮೂರು ಬೀಜ ನೋಡಿದರೂ ಎಣಿಸಲೇಬೇಕು, 6 ದೊಡ್ಡದೋ 9 ದೊಡ್ಡದೋ ಗೊತ್ತಾಗಲ್ಲ ಅನ್ನುವ ಹಾಗಿದ್ದರೆ ಅದು ಡಿಸ್ಕ್ಯಾಲ್ಕ್ಯುಲಿಯಾ, ಅಂದರೆ ಸಂಖ್ಯೆ, ಲೆಕ್ಕ ಕಲಿಯುವುದೇ ಕಷ್ಟವಾಗುವ ಕಲಿಕೆಯ ತೊಂದರೆ ಇರಬಹುದು. ಸೋಮಾರಿತನ ಅಂತ ಯಾರಾದರೂ ಅಂದರೆ ನಂಬಬೇಡಿ. ಇದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಸೇರಿದೆ. ಸಾಮಾನ್ಯವಾಗಿ ಎಂಟು ವರ್ಷದ ಹೊತ್ತಿಗೆ ಪರೀಕ್ಷೆ ಮಾಡುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ಹೋಗುವಾಗ ಅವಳ ಹಳೆಯ ಗಣಿತದ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ. ತಪ್ಪುಗಳನ್ನು ಅಳಿಸಿ ಚೆಂದ ಮಾಡಬೇಡಿ, ಎಲ್ಲಿ ಎಡವುತ್ತಾಳೆ ಅಂತ ಅವರಿಗೆ ಗೊತ್ತಾಗುವುದು ಆ ತಪ್ಪುಗಳಿಂದಲೇ.