‘ಚಿಲ್ಲರೆಯ ಚೀಲ’ದ ಲೇಖಕರಿಗೆ

ಮಾನ್ಯರೇ,

ಬ್ಯಾಂಕಿನಿಂದ ಚಿಲ್ಲರೆ ತಂದು ಅದರಲ್ಲಿ ಸಂಗ್ರಹಯೋಗ್ಯ ನಾಣ್ಯಗಳನ್ನು ಹುಡುಕುವ ಹವ್ಯಾಸವನ್ನು ಕುರಿತ ನಿಮ್ಮ ‘ಚಿಲ್ಲರೆಯ ಚೀಲ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಅದರೊಳಗೆ ಓದುಗರಿಗೆ ತಲುಪಲೇಬೇಕಾದ ಒಂದೂವರೆ ಪುಟವಿದೆ. ಅದು ವ್ಯರ್ಥವಾಗಬಾರದೆಂದು ಈ ಪತ್ರ.

ಮೊದಲ ನಾಲ್ಕು ಪುಟಗಳಲ್ಲಿ ನೀವು ವಿಜಯನಗರದ ವರಾಹದಿಂದ ಟಿಪ್ಪುವಿನ ಆನೆ ಕಾಸಿನವರೆಗೆ ಚರಿತ್ರೆ ಹೇಳಿದ್ದೀರಿ. ಅವು ಯಾವುವೂ ಬ್ಯಾಂಕಿನ ಚೀಲದಲ್ಲಿ ಸಿಗುವಂಥವಲ್ಲ, ಆದ್ದರಿಂದ ಅಷ್ಟನ್ನೂ ತೆಗೆದುಬಿಡಿ. ನಿಮ್ಮ ಬರಹ ನಿಜವಾಗಿ ಆರಂಭವಾಗುವುದು, ನೂರು ನಾಣ್ಯಗಳ ಪ್ಲಾಸ್ಟಿಕ್ ಪೊಟ್ಟಣವನ್ನು ಹಳೆಯ ಪಂಚೆಯ ಮೇಲೆ ಸುರಿದು, ಒಂದೊಂದನ್ನೇ ಭೂತಗನ್ನಡಿಯ ಕೆಳಗೆ ಹಿಡಿಯುತ್ತಾ ಹೋಗಿ, 1998ರ ಒಂದು ರೂಪಾಯಿಯ ಇಸವಿಯ ಕೆಳಗೆ ‘ಎಂಕೆ’ ಎಂಬ ಸಣ್ಣ ಗುರುತನ್ನು ನೀವು ಕಂಡ ಆ ಸಂಜೆಯಲ್ಲಿ. ಅದು ಸ್ಲೊವಾಕಿಯಾದ ಕ್ರೆಮ್ನಿಟ್ಸಾ ಟಂಕಸಾಲೆಯ ಗುರುತು. ಚಿಲ್ಲರೆಯ ಅಭಾವವಿದ್ದ ಆ ವರ್ಷಗಳಲ್ಲಿ ನಮ್ಮ ಸರ್ಕಾರ ಹೊರದೇಶಗಳಲ್ಲಿಯೂ ನಾಣ್ಯ ಅಚ್ಚು ಹಾಕಿಸಿತ್ತು. ಅಷ್ಟು ದೂರದಿಂದ ಬಂದು, ಎಷ್ಟೋ ಕೈ ದಾಟಿ, ಅಂಚು ಸವೆದ ಆ ರೂಪಾಯಿಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ! ಅಲ್ಲಿ ನಿಲ್ಲಿ. ಅದು ಬೆರಳಿಗೆ ಹೇಗಿತ್ತು, ಮನೆಯವರಲ್ಲಿ ಯಾರನ್ನು ಮೊದಲು ಕೂಗಿ ಕರೆದಿರಿ ಎಂಬುದನ್ನೆಲ್ಲ ಬರೆಯಿರಿ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಇಸವಿಯ ಕೆಳಗೆ ಯಾವ ಗುರುತೂ ಇಲ್ಲದ ನಾಣ್ಯವನ್ನು ‘ಅಚ್ಚಿನ ದೋಷದಿಂದಾದ ಅಪರೂಪದ ತುಣುಕು’ ಎಂದಿದ್ದೀರಿ. ಆ ಗುರುತು ನಾಣ್ಯ ಯಾವ ಟಂಕಸಾಲೆಯದೆಂದು ಹೇಳುತ್ತದೆ: ಮುಂಬಯಿಯದಕ್ಕೆ ವಜ್ರಾಕೃತಿ, ಹೈದರಾಬಾದಿನದಕ್ಕೆ ನಕ್ಷತ್ರ, ನೋಯ್ಡಾದ್ದಕ್ಕೆ ಚುಕ್ಕಿ ಇರುತ್ತದೆ. ಕೋಲ್ಕತ್ತಾದ ನಾಣ್ಯಕ್ಕೆ ಗುರುತೇ ಇರುವುದಿಲ್ಲ, ಅಷ್ಟೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಲಕ್ಷಗಟ್ಟಲೆ ಬೆಲೆಬಾಳುತ್ತದೆಂಬ ಮಾತನ್ನು ನಾನು ಖಂಡಿತ ಅಚ್ಚು ಹಾಕುವುದಿಲ್ಲ. ಹಳೆಯ ನಾಣ್ಯ ಕೊಳ್ಳುವ ನೆಪದ ವಂಚನೆಗಳ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಇಂಥ ಮಾತನ್ನು ನಂಬಿ ಹಣ ಕಳೆದುಕೊಳ್ಳುವವರು ನಮ್ಮ ಓದುಗರಲ್ಲಿಯೂ ಇರಬಹುದು.

ಟಂಕಸಾಲೆಯಿಂದ ನೇರವಾಗಿ ಬಂದ ಚೀಲದಲ್ಲಿ ಎಲ್ಲವೂ ಒಂದೇ ಇಸವಿಯ ಹೊಸ ನಾಣ್ಯಗಳಿದ್ದು ಹುಡುಕುವವನಿಗೆ ಏನೂ ದಕ್ಕುವುದಿಲ್ಲ, ದೇವಸ್ಥಾನದ ಹುಂಡಿಯಿಂದ ಜಮೆಯಾದ ಚಿಲ್ಲರೆಯಲ್ಲಿ ಮಾತ್ರ ಹಳತು ಹೊಸತು ಬೆರೆತಿರುತ್ತದೆ ಎಂದು ನೀವು ಅಡಿಟಿಪ್ಪಣಿಯಲ್ಲಿ ಹೇಳಿದ್ದೀರಿ. ಇದು ಅನುಭವದಿಂದ ಮಾತ್ರ ತಿಳಿಯುವ ಸಂಗತಿ, ಇದನ್ನು ಲೇಖನದ ನಡುವಿಗೆ ತನ್ನಿ. ‘ರೋಚಕ’, ‘ಅದ್ಭುತ’ ಎಂಬ ಪದಗಳನ್ನು ಕೈಬಿಡಿ.

ಇನ್ನೊಂದು ಪ್ರಶ್ನೆ ಉಳಿದಿದೆ. ಹುಡುಕಿ ಮುಗಿದ ಮೇಲೆ ಮಿಕ್ಕ ತೊಂಬತ್ತೊಂಬತ್ತು ರೂಪಾಯಿ ಎಲ್ಲಿಗೆ ಹೋಯಿತು? ಕಿರಾಣಿ ಅಂಗಡಿಗೋ, ಬಸ್ ಕಂಡಕ್ಟರರ ಚೀಲಕ್ಕೋ, ಮತ್ತೆ ಹುಂಡಿಗೋ? ಅದನ್ನೂ ಸೇರಿಸಿ, ಸಾವಿರದ ಇನ್ನೂರು ಪದ ಮೀರದಂತೆ ಮತ್ತೊಮ್ಮೆ ಬರೆದು ಕಳುಹಿಸಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ