ನ್ಯೂ ಪ್ಲಿಮತ್‌ಗೆ ಟಿಕೆಟ್ ತೆಗೆಯುವ ಮುಂಚೆ

ನಮಸ್ಕಾರ. ಮಂಗಳೂರಿನ ರಿಫೈನರಿ ಕೆಲಸ ಬಿಟ್ಟು ನ್ಯೂಜಿಲೆಂಡಿನ ನ್ಯೂ ಪ್ಲಿಮತ್‌ಗೆ ಬರಲಾ ಅಂತ ಕೇಳಿದ್ದೀರಿ. ನ್ಯೂಜಿಲೆಂಡ್ ಮತ್ತೆ ಸಮುದ್ರದಲ್ಲಿ ಎಣ್ಣೆ ಹುಡುಕಲು ಬಿಟ್ಟಿದೆಯಂತೆ, ಆಳ ಸಮುದ್ರದಲ್ಲಿ ಬೇಕಾದಷ್ಟು ಕೆಲಸ ಇರುತ್ತದಂತೆ, ಆದರೆ ಅಲ್ಲಿನ ಜನ ತೈಲ ಕಂಪನಿಯವರನ್ನು ಕಂಡರೆ ಉರಿದು ಬೀಳುತ್ತಾರಾ ಅಂತಲೂ ಕೇಳಿದ್ದೀರಿ. ನಾನು ಇಲ್ಲಿಗೆ ಬಂದು ಹದಿನಾರು ವರ್ಷ ಆಯಿತು.

ಈ ಊರಿಗೆ ಅನ್ನ ಹಾಕಿದ್ದು ಆಳ ಇಲ್ಲದ ಸಮುದ್ರ. 1969ರಲ್ಲಿ ಸಿಕ್ಕಿದ ಮಾಯಿ ಗ್ಯಾಸ್ ಬಾವಿಗಳು ಇರುವುದು ನೂರು ಚಿಲ್ಲರೆ ಮೀಟರ್ ನೀರಿನಲ್ಲಿ. ಇನ್ನು ಕೆಲವು ಬಾವಿಗಳು ಹಸು ಮೇಯುವ ಹುಲ್ಲಿನ ಪಕ್ಕದಲ್ಲೇ ಇವೆ. ಆಳ ಸಮುದ್ರದ್ದು ಮಾತ್ರ ನಾನು ಬಂದಾಗಿನಿಂದ 'ಇನ್ನೇನು ಬಂತು' ಅಂತಲೇ ಇದೆ.

2010ರ ಜೂನ್‌ನಲ್ಲಿ ಬ್ರೆಜಿಲ್‌ನ ಪೆಟ್ರೋಬ್ರಾಸ್ ತೈಲ ಕಂಪನಿಗೆ ಇಲ್ಲಿನ ಪೂರ್ವ ಕರಾವಳಿಯಲ್ಲಿ ಎಣ್ಣೆ ಹುಡುಕುವ ಪರ್ಮಿಟ್ ಕೊಟ್ಟರು. ಆಗ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ರಿಗ್ (ಬಾವಿ ಕೊರೆಯುವ ಕಟ್ಟೆ) ಸಿಡಿದು 11 ಜನ ಸತ್ತಿದ್ದರು. 1,500 ಮೀಟರ್ ಕೆಳಗಿನ ಬಾವಿಯಿಂದ ಎಣ್ಣೆ ಇನ್ನೂ ಉಕ್ಕುತ್ತಿತ್ತು. ನಿಲ್ಲಿಸಲು 87 ದಿನ ಬೇಕಾಯಿತು. ಅದನ್ನು ಟಿವಿಯಲ್ಲಿ ನೋಡುತ್ತಾ ಕೂತವರು ಸುಮ್ನೆ ಇರುತ್ತಾರಾ? 2011ರಲ್ಲಿ ಆ ಕರಾವಳಿಯ ಮೂಲನಿವಾಸಿ ಮಾವೋರಿಗಳು ಪರಿಸರ ಸಂಘಟನೆ ಗ್ರೀನ್‌ಪೀಸ್ ಜೊತೆ ಸೇರಿ ಸರ್ವೇ ಹಡಗಿಗೆ ದೋಣಿ ಅಡ್ಡ ತಂದರು. ಮರುವರ್ಷದ ಕೊನೆಗೆ ಪೆಟ್ರೋಬ್ರಾಸ್ ಗಂಟುಮೂಟೆ ಕಟ್ಟಿತು.

ಆಮೇಲೆ ಬಂದದ್ದು ಅಮೆರಿಕದ ತೈಲ ಕಂಪನಿ ಅನಡಾರ್ಕೊ. ಮೆಕ್ಸಿಕೋ ಕೊಲ್ಲಿಯ ಅದೇ ಬಾವಿಯಲ್ಲಿ ಕಾಲು ಪಾಲು ಇದರದ್ದು! ಅದು ಬರುವ ಹೊತ್ತಿಗೆ, 2013ರಲ್ಲಿ, ರಿಗ್‌ನ 500 ಮೀಟರ್ ಒಳಗೆ ಹೋಗಿ ಅಡ್ಡಿ ಮಾಡಿದರೆ ಅಪರಾಧ ಅಂತ ಸರ್ಕಾರ ಕಾನೂನು ತಂದಿತು. ಜನ ಅದನ್ನು 'ಅನಡಾರ್ಕೊ ತಿದ್ದುಪಡಿ' ಅಂತಲೇ ಕರೆದರು. ಎರಡು ಬಾವಿ ಕೊರೆದರು, ವ್ಯಾಪಾರಕ್ಕೆ ಆಗುವಷ್ಟು ಏನೂ ಸಿಗಲಿಲ್ಲ. 2020ರಲ್ಲಿ ಆಸ್ಟ್ರಿಯಾದ ಒಎಂವಿ ಕಂಪನಿ ದಕ್ಷಿಣದಲ್ಲಿ ಕೊರೆದದ್ದೂ ಅಷ್ಟೇ. ನಡುವೆ 2018ರಲ್ಲಿ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸರ್ಕಾರ ಸಮುದ್ರದಲ್ಲಿ ಎಣ್ಣೆ ಹುಡುಕಲು ಹೊಸ ಪರ್ಮಿಟ್ ಕೊಡುವುದನ್ನು ನಿಲ್ಲಿಸಿತ್ತು, 2025ರಲ್ಲಿ ಆ ನಿಷೇಧ ತೆಗೆದರು. ನೀವು ಓದಿರುವುದು ಇದನ್ನೇ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ನೆಂಟರು ಬಂದುಬಿಡುತ್ತಾರಾ?

ಹಾಗಾಗಿ ಆಫರ್ ಕೊಟ್ಟವರನ್ನು ನೇರವಾಗಿ ಕೇಳಿ: ಯಾವ ಬಾವಿ, ಎಷ್ಟು ತಿಂಗಳು, ಕೊರೆಯುವ ಕೆಲಸವಾ, ಮುಚ್ಚುವ ಕೆಲಸವಾ? ಮುಚ್ಚುವುದೂ ಇಲ್ಲಿ ದೊಡ್ಡ ಕೆಲಸವೇ. ಟುಯಿ ಅಂತ ಒಂದು ತೈಲ ಕ್ಷೇತ್ರ ಇತ್ತು. ಅದನ್ನು ನಡೆಸುತ್ತಿದ್ದ ಟಾಮರಿಂಡ್ 2019ರಲ್ಲಿ ದಿವಾಳಿ ಎದ್ದಿತು. ಬಾವಿ ಮುಚ್ಚಿ ಪೈಪು ಕೀಳುವ ಖರ್ಚು ಸರ್ಕಾರದ ತಲೆಗೆ ಬಂತು, 20 ಕೋಟಿ ನ್ಯೂಜಿಲೆಂಡ್ ಡಾಲರಿಗಿಂತ ಜಾಸ್ತಿ. ತೈಲ ಬೇಕು ಅನ್ನುವವರಿಗೂ ಅದು ಚುಚ್ಚಿತು.

ಇನ್ನು ಜನ. ನಮ್ಮ ಪಕ್ಕದ ಮನೆಯಲ್ಲಿ ಗಂಡ ರಿಗ್‌ನಲ್ಲಿ ವೆಲ್ಡರ್, ಹೆಂಡತಿ ಬೇಲಿಗೆ 'ಆಳ ಸಮುದ್ರ ಕೊರೆಯಬೇಡಿ' ಅಂತ ಬೋರ್ಡ್ ಕಟ್ಟಿದ್ದರು. ನಾನು ಮೊದಲು ಅದು ನನಗೇ ಹೇಳಿದ್ದು ಅಂದುಕೊಂಡು ತಲೆ ತಗ್ಗಿಸಿ ಓಡಾಡುತ್ತಿದ್ದೆ. ಒಂದು ದಿನ ಆಕೆಯೇ ಒಂದು ಬುಟ್ಟಿ ಫಿಜೋವಾ ಹಣ್ಣು ತಂದುಕೊಟ್ಟರು. ಆಕೆಯ ಲೆಕ್ಕ ಇಷ್ಟೇ: ಗಂಡನ ಬಾವಿಗೆ ದಡದಿಂದ ಹೆಲಿಕಾಪ್ಟರ್ ಬೇಗ ಹೋಗುತ್ತದೆ, ಆಳದಲ್ಲಿ ಬಾವಿ ಸಿಡಿದರೆ ಅದನ್ನು ಮುಚ್ಚಲು ಇನ್ನೊಂದು ರಿಗ್ ಹೊರದೇಶದಿಂದ ಬರಬೇಕು. 2011ರಲ್ಲಿ ಟೌರಂಗ ಹತ್ತಿರ ರೀನಾ ಹಡಗು ಬಂಡೆಗೆ ಸಿಕ್ಕಿ ಸುಮಾರು 350 ಟನ್ ಎಣ್ಣೆ ಚೆಲ್ಲಿದಾಗ ಆಕೆ ಅಲ್ಲಿ ಮರಳು ಬಾಚಲು ಹೋಗಿದ್ದರು. ನನಗೆ ಆ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ, ನನ್ನ ಸಂಬಳ ಎಣ್ಣೆಯಿಂದಲೇ ಬರುತ್ತಿದ್ದರೂ.

ಕೆಲಸ ಖಾತ್ರಿಯಾದರೆ ಮೊದಲು ನೀವೊಬ್ಬರೇ ಬನ್ನಿ. ಮನೆ ನೋಡುವಾಗ ಹೀಟ್ ಪಂಪ್ (ಮನೆ ಬೆಚ್ಚಗಿಡುವ ಯಂತ್ರ) ಇದೆಯಾ ಕೇಳಿ, ಚಳಿಗಾಲದಲ್ಲಿ ಗೋಡೆ ತೇವ ಹಿಡಿಯುತ್ತದೆ. ಆಕ್ಲೆಂಡ್ ಸುಮಾರು ಐದು ಗಂಟೆ ದಾರಿ, ಹೋದಾಗ ಸಾಮಾನು ಕಟ್ಟಿಕೊಂಡು ಬರುತ್ತೇವೆ. ಮಗು ಬರುವಾಗ ಗಟ್ಟಿ ಚಪ್ಪಲಿ ಇರಲಿ. ಇಲ್ಲಿನ ಮರಳು ಕಪ್ಪು, ಬೇಸಿಗೆಯಲ್ಲಿ ಕಾಲು ಸುಡುತ್ತದೆ.